ಶನಿವಾರದ ಗಾದೆಗೆ ಎರಡು ದಿನದ ಆಯುಷ್ಯ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಗಾದೆ ಇಂಗ್ಲಿಷಿನದಾದರೆ ಸುಳ್ಳಾಗುವ ಮಾತೇ ಇಲ್ಲ ಎಂದು ಅಫಜಲಪುರದ ನಮ್ಮ ಕಾಲೇಜಿನ ಗೇಟಿನ ಸುತ್ತ ಆಗ ಎಲ್ಲರೂ ನಂಬಿದ್ದರು. ಯಾವ ದಿನಕ್ಕೆ ಯಾವ ಗಾದೆ ಎಂಬುದನ್ನು ಮನುಷ್ಯರು ಆರಿಸುವುದಿಲ್ಲ, ಅದು ತಾನಾಗಿ ಬರುತ್ತದೆ ಎಂದೂ ನಂಬಿದ್ದರು.

ನಾನು ಆಳಂದದವನು. ಇಂಗ್ಲಿಷ್ ಎಂ.ಎ. ಮುಗಿಸಿ ಆ ಖಾಸಗಿ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅತಿಥಿ ಎನ್ನುವುದು ಹೆಸರಿಗೆ. ಎರಡು ವರ್ಷದಲ್ಲಿ ಯಾರೂ 'ಚಹಾ ಕುಡೀತೀರೇನ್ರಿ' ಎಂದು ಕೇಳಲಿಲ್ಲ. ಇಂಥ ಕಡೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕುಳಿತರೆ ಸಾಕು, ಅವೇ ಒಳಗೆ ಬರುತ್ತವೆ.

ಕೈಂಡ್ಲಿ

ನಮ್ಮ ಪ್ರಿನ್ಸಿಪಾಲರಿಗೆ 'ಕೈಂಡ್ಲಿ' ಎಂಬ ಪದದ ಮೇಲೆ ಪ್ರೀತಿ. ಬೆದರಿಕೆ ಇರುವಲ್ಲೆಲ್ಲ ಅದನ್ನು ಹಾಕುತ್ತಿದ್ದರು. 'ತಡವಾಗಿ ಬಂದವರ ರಜೆ ಕೈಂಡ್ಲಿ ಕಡಿತವಾಗುವುದು.' 'ಕಾಪಿ ಹೊಡೆದವರನ್ನು ಕೈಂಡ್ಲಿ ಡಿಬಾರ್ ಮಾಡಲಾಗುವುದು.' ಆ ಪದವನ್ನು ಓದಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಬಿಳಿಚಿಕೊಳ್ಳುತ್ತಿತ್ತು.

ಒಂದು ದಿನ ಹೊಸ ಸುತ್ತೋಲೆ ಬಂತು. ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ದಿನಕ್ಕೊಂದು ಇಂಗ್ಲಿಷ್ ಗಾದೆ, ಕೆಳಗೆ ಕನ್ನಡದ ಅರ್ಥ. ಜವಾಬ್ದಾರಿ ಇಂಗ್ಲಿಷ್ ವಿಭಾಗದ್ದು. ಇಂಗ್ಲಿಷ್ ವಿಭಾಗ ಎಂದರೆ ನಾನು.

ಹಳೆಯ ವ್ಯಾಕರಣ ಪುಸ್ತಕವೊಂದರಿಂದ ಅರವತ್ತು ಗಾದೆ ತೆಗೆದು ಚೀಟಿಗಳಲ್ಲಿ ಬರೆದೆ. ಚೀಟಿಯ ಮುಂದೆ ಇಂಗ್ಲಿಷ್, ಹಿಂದೆ ಕನ್ನಡ. ಇಪ್ಪತ್ತು ಬರೆಯುವಷ್ಟರಲ್ಲಿ ಗೊತ್ತಾಯಿತು, ಅರ್ಧ ಪುಸ್ತಕ ಇನ್ನರ್ಧದ ಜೊತೆ ಜಗಳಕ್ಕೆ ನಿಂತಿದೆ. ಒಂದು ಓಡು ಎನ್ನುತ್ತದೆ, ಇನ್ನೊಂದು ನಿಲ್ಲು ಎನ್ನುತ್ತದೆ. ಹೋಗಿ ಪ್ರಿನ್ಸಿಪಾಲರಿಗೆ ಹೇಳಿದೆ.

"ಸರ್, ಇವು ಒಂದಕ್ಕೊಂದು ವಿರುದ್ಧ ಅವ."

"ಇವು ಇಂಗ್ಲೀಷರೇ ಹೇಳಿದ್ದಲ್ರಿ?"

"ಹೌದ್ರಿ. ಎರಡೂ ಅವರೇ ಹೇಳಿದ್ದು."

"ಹಂಗಾದ್ರ ಎರಡೂ ಖರೆ. ಕೈಂಡ್ಲಿ ಎರಡೂ ಬರೀರಿ."

ಡಬ್ಬಿ

ಹಲಗೆಯ ಮೇಲೆ ಬರೆಯುವ ಕೆಲಸ ಜವಾನನಿಗೆ ಹೋಯಿತು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಪೂರ್ತಿ ಬೋಳು ತಲೆ. ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ವಿಭೂತಿ ನೋಡಿ ತಿಳಿಯಬೇಕು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ರಂಗೋಲಿ ನೋಡಿ ರಂಗೋಲಿ ಬಿಡಿಸುವ ಹಾಗೆ ನನ್ನ ಅಕ್ಷರ ನೋಡಿ ಬಿಡಿಸುತ್ತಿದ್ದರು. ನನ್ನದಕ್ಕಿಂತ ಅವರದೇ ಚೆಂದ ಇರುತ್ತಿತ್ತು.

ಮೊದಲ ಕಂತಿನ ಚೀಟಿಗಳನ್ನು ಕಾಲೇಜಿನ ಕಪಾಟಿನಲ್ಲಿ ಇಲಿ ತಿಂದವು. ಮತ್ತೆ ಅರವತ್ತು ಬರೆದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ಮನೆಗೆ ಒಯ್ದರು. ಮನೆ ಕಾಲೇಜಿನ ಮೈದಾನದ ಆಚೆ ಬದಿಗೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವರು, ಮಗಳು ಇಬ್ಬರೇ.

"ದಿನಾ ಯಾವುದು ಬರೀಬೇಕಂತ ಹ್ಯಾಂಗ ಆರಿಸ್ತೀರಿ, ಕಾಕಾ?"

"ನಾ ಆರಿಸೂದಿಲ್ರಿ ಸರ. ಮುಂಜಾನಿ ಲಿಂಗಪೂಜಿ ಮುಗಿಸಿ ಕಣ್ಣು ಮುಚ್ಚಿ ಡಬ್ಬ್ಯಾಗ ಕೈ ಹಾಕ್ತೇನಿ. ಮಗಳು ಡಬ್ಬಿ ಹಿಡೀತಾಳ. ಬಂದದ್ದು ಬರದು, ಸಂಜಿಗಿ ಚೀಟಿ ಮತ್ತ ಡಬ್ಬ್ಯಾಗ ಹಾಕ್ತೇನಿ."

"ನೀವು ಬಸವಣ್ಣನ ಒಕ್ಕಲು. ಶಕುನ ನೋಡಬಾರದು ಅಂತಾರಲ್ಲ?"

"ಶಕುನ ಎಲ್ಲ್ಯದ್ರಿ ಸರ? ಇದು ಇಂಗ್ಲಿಷ್."

ಮಗಳು

ಮಗಳು ನಮ್ಮ ಕಾಲೇಜಿನಲ್ಲೇ ಪಿಯುಸಿ ಓದಿದವಳು. ನನ್ನ ವಿಷಯದಲ್ಲಿ ಮೂವತ್ತೈದು ತೆಗೆದು ಪಾಸಾಗಿದ್ದಳು. ಇವಳ ತಲೆ ಅಷ್ಟಕ್ಕಷ್ಟೆ ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪರೀಕ್ಷೆ ಬರೆದಿದ್ದಳು, ಓಟದಲ್ಲೂ ಪಾಸಾಗಿದ್ದಳು. ಆಯ್ಕೆ ಪಟ್ಟಿ ಮಾತ್ರ ಬಂದಿರಲಿಲ್ಲ. ನಾಳೆ ಬರುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಿದ್ದರು.

ಆದರೂ ದಿನಾ ನಸುಕಿನಲ್ಲಿ ಮೈದಾನ ಸುತ್ತುತ್ತಿದ್ದಳು. ಒಮ್ಮೆ ಕೇಳಿದೆ, "ಓಟ ಪಾಸಾಗ್ಯದಲ್ಲ, ಇನ್ನ್ಯಾಕ ಓಡ್ತಿ?"

"ಪಟ್ಟಿ ಕುಂತದ್ರಿ ಸರ. ನಾನೂ ಕುಂತ್ರ ಹ್ಯಾಂಗ?"

ತೊಗರಿ

ಹಲಗೆಯ ಎದುರಿಗೇ ಬಸ್ ನಿಲ್ಲುತ್ತದೆ. ಬಸ್ಸಿಗೆ ಕಾಯುವವರಿಗೆ ಓದಲು ಬೇರೇನೂ ಇರಲಿಲ್ಲ. ತಿಂಗಳೊಳಗೆ ಹಲಗೆಯ ಫೋಟೋ ಊರಿನ ಅರ್ಧ ಮೊಬೈಲುಗಳ ಸ್ಟೇಟಸ್ಸಿಗೆ ಏರಿತ್ತು.

ಕಾಳಿನ ವ್ಯಾಪಾರಿಯೊಬ್ಬರು ತೊಗರಿ ಹಿಡಿದಿಟ್ಟು, ಮಾರಲೋ ಬೇಡವೋ ಎಂದು ಕುಳಿತಿದ್ದರು. ಅವತ್ತು ಹಲಗೆಯ ಮೇಲೆ 'ಕಬ್ಬಿಣ ಕಾದಾಗಲೇ ಬಡಿ' ಎಂದಿತ್ತು. ಮಧ್ಯಾಹ್ನದೊಳಗೆ ಅಷ್ಟನ್ನೂ ಮಾರಿದರು. ಮರುದಿನ ದರ ಏರಿತು. ಹಲಗೆಯ ಮೇಲೆ 'ಜಿಗಿಯುವ ಮುನ್ನ ನೋಡು' ಎಂದಿತ್ತು. ಸೀದಾ ಸ್ಟಾಫ್ ರೂಮಿಗೆ ಬಂದರು.

"ನಿನ್ನಿದು ಕೊಟ್ಟವರು ನೀವೇ ಏನ್ರಿ?"

"ಹೌದ್ರಿ."

"ಇವತ್ತಿಂದು?"

"ಅದೂ ನಾನೇ. ನೋಡ್ರಿ, ಗಾದೆ ನಂಬಿ ವ್ಯಾಪಾರ ಮಾಡಬಾರದು..."

"ಗಾದಿಮಾತಿಗಿ ಏನೂ ಅನಬ್ಯಾಡ್ರಿ," ಎಂದು ಅವರು ತಡೆದರು. "ಎರಡೂ ಬರೋಬ್ಬರಿ ಅವ. ಇವತ್ತಿಂದು ನಿನ್ನಿ ಬರಬೇಕಿತ್ತು, ನಿನ್ನಿದು ಇವತ್ತ ಬರಬೇಕಿತ್ತು. ನಿಮ್ಮ ಟೈಮ್ ಬರೋಬ್ಬರಿ ಇಲ್ಲ."

ಹಿಂದಿನ ಆದೇಶ ರದ್ದು

ಕರಜಗಿಯಿಂದ ಅಣ್ಣ ತಮ್ಮ ಇಬ್ಬರು ಬಂದರು. ಕಬ್ಬಿನ ಹೊಲ. ಕೂಡಿ ಇರಬೇಕೋ ಪಾಲಾಗಬೇಕೋ ಎಂಬ ತಕರಾರು. ಅಣ್ಣನ ಮೊಬೈಲಿನಲ್ಲಿ ಸೋಮವಾರದ ಫೋಟೋ, 'ಹಲವು ಕೈ ಸೇರಿದರೆ ಕೆಲಸ ಹಗುರ.' ತಮ್ಮನ ಮೊಬೈಲಿನಲ್ಲಿ ಮಂಗಳವಾರದ್ದು, 'ಅಡುಗೆಯವರು ಹೆಚ್ಚಾದರೆ ಸಾರು ಕೆಟ್ಟಿತು.' ಯಾವುದು ಖರೆ ಎಂದು ನಾನು ಹೇಳಬೇಕಂತೆ.

ಎರಡೂ ಬರೀ ಮಾತು ಎಂದೆ. ಇಬ್ಬರೂ ಮೊದಲ ಬಾರಿಗೆ ಒಂದಾಗಿ ನನ್ನನ್ನು ಕನಿಕರದಿಂದ ನೋಡಿದರು.

ಆಫೀಸಿನ ಕ್ಲರ್ಕ್ ಕುಳಿತಲ್ಲಿಂದಲೇ ಬಗೆಹರಿಸಿದರು. ಮೂವತ್ತು ವರ್ಷ ಸುತ್ತೋಲೆಗಳ ನಡುವೆ ಬದುಕಿದ ಮನುಷ್ಯ. "ತಾರೀಖು ನೋಡ್ರಿ. ಹೊಸ ಆದೇಶ ಬಂದ ಮ್ಯಾಲ ಹಿಂದಿಂದು ರದ್ದು. ಅಷ್ಟೇ."

ಅಂದಿನಿಂದ ಅದು ಕಾನೂನಾಯಿತು. ಒಂದು ಗಾದೆ ಮರುದಿನ ಬೆಳಿಗ್ಗೆ ಹತ್ತರವರೆಗೆ ನಡೆಯುತ್ತದೆ. ಭಾನುವಾರ ಕಾಲೇಜು ಇಲ್ಲ, ಆದ್ದರಿಂದ ಶನಿವಾರದ್ದಕ್ಕೆ ಎರಡು ದಿನದ ಆಯುಷ್ಯ. ಎರಡು ದಿನ ಬದುಕುವುದರಿಂದ ಅದಕ್ಕೆ ಬಲವೂ ಎರಡು ಪಟ್ಟು. ದೊಡ್ಡ ತೀರ್ಮಾನಗಳನ್ನು ಜನ ಶನಿವಾರಕ್ಕೆ ಕಾಯ್ದಿರಿಸತೊಡಗಿದರು.

ಕರಜಗಿಯ ಅಣ್ಣ ಆ ಶನಿವಾರ ಒಂಬತ್ತಕ್ಕೇ ಬಂದು ಗೇಟಿನ ಮುಂದೆ ನಿಂತ. ತಮ್ಮ ಒಂಬತ್ತೂವರೆಗೆ ಬಂದ. ಹಲಗೆಯ ಮೇಲೆ ಬಂದದ್ದು 'ಮೌನ ಬಂಗಾರ.'

ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ. ಕಬ್ಬು ಕೂಡಿಯೇ ಬೆಳೆಯುತ್ತಿದ್ದಾರೆ.

ಕಿಣ್ಣಿ ಸುಲ್ತಾನದಿಂದ ಬಸ್ಸು

ಫಿಜಿಕ್ಸ್ ಉಪನ್ಯಾಸಕರು 'ಲಿಟರಲಿ' ಎನ್ನದೆ ಬಾಯಿ ತೆರೆಯುತ್ತಿರಲಿಲ್ಲ. ಊಟಕ್ಕೆ ಉಪ್ಪು ಕಡಿಮೆಯಾದರೆ 'ಲಿಟರಲಿ ಸತ್ತೆ' ಎನ್ನುತ್ತಿದ್ದರು. ಮರುದಿನ ಹಾಜರಿರುತ್ತಿದ್ದರು.

ಅವರ ಹೆಂಡತಿ ಆಳಂದದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನ ಶಾಲೆಯಲ್ಲಿ ಟೀಚರ್. ಇವರು ಇಲ್ಲಿ ಕೋಣೆ ಹಿಡಿದು ಒಬ್ಬರೇ ಇರುತ್ತಿದ್ದರು, ಬಹಳ ಕಷ್ಟ ಎಂದು ಎಲ್ಲರಿಗೂ ಹೇಳುತ್ತಿದ್ದರು. ಒಂದು ದಿನ ಹಲಗೆಯ ಮೇಲೆ 'ಕಣ್ಣಿಗೆ ಮರೆಯಾದದ್ದು ಮನಸ್ಸಿಗೂ ಮರೆ' ಎಂದು ಬಂತು. ಫೋಟೋ ಯಾರ್ಯಾರದೋ ಮೊಬೈಲು ದಾಟಿ ಕಿಣ್ಣಿ ಸುಲ್ತಾನ ತಲುಪಿತು. ಮರುದಿನ ಆ ಟೀಚರಮ್ಮ ಮೊದಲ ಬಸ್ಸಿಗೆ ಹೊರಟು ಆಳಂದಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ವಾರದ ರಜೆ ಹಾಕಿ ಬಂದಿಳಿದರು.

ಅವರು ಇಳಿಯುವ ಹೊತ್ತಿಗೆ ಕಾಕಾ ಹೊಸದನ್ನು ಬರೆದಿದ್ದರು. 'ದೂರವಿದ್ದಷ್ಟೂ ಪ್ರೀತಿ ಹೆಚ್ಚು.'

ಫಿಜಿಕ್ಸಿನವರು ಹಲಗೆ ತೋರಿಸಿದರು. "ನೋಡು, ಹೊಸ ಆದೇಶ ಬಂದದ. ಹಿಂದಿಂದು ರದ್ದು."

"ನಾ ಬಸ್ ಹತ್ತಿದಾಗ ಹಿಂದಿಂದೇ ನಡೀತಿತ್ತು," ಎಂದು ಆಕೆ ಬ್ಯಾಗು ಅವರ ಕೈಗೆ ಕೊಟ್ಟು ನಡೆದರು. ಆ ವಾರ ಪೂರ್ತಿ ಫಿಜಿಕ್ಸಿನವರು ಒಮ್ಮೆಯೂ ಲಿಟರಲಿ ಎನ್ನಲಿಲ್ಲ.

ಜೇವರ್ಗಿಯವರು

ದೀಪಾವಳಿ ಮುಗಿದ ಮೇಲೆ ಕಾಕಾನ ಮಗಳಿಗೆ ಜೇವರ್ಗಿಯಿಂದ ಸಂಬಂಧ ಬಂತು. ವರನಿಗೆ ಎರಡು ಟ್ರ್ಯಾಕ್ಟರ್, ಒಂದು ಬೋರ್‌ವೆಲ್ ಲಾರಿ. ಮಾತುಕತೆಗೆ ಬಂದವರು ವರನ ಸೋದರಮಾವ, ನಿವೃತ್ತ ಹೆಡ್‌ಮಾಸ್ತರರು. ಇಂಗ್ಲಿಷ್ ಕಲಿಸಿ ರಿಟೈರ್ ಆದವರು. 'ನೋ ಡೌಟ್' ಎಂದು ಶುರು ಮಾಡಿ, ಆಮೇಲೆ ಸಂಶಯ ಹೇಳುತ್ತಿದ್ದರು.

"ನೋ ಡೌಟ್, ಹುಡುಗಿ ಚಲೋ ಅದಾಳ. ಆದರ ಆ ನೌಕರಿ ಪಟ್ಟಿ ಬರೂದು ಯಾವಾಗ? ಪಟ್ಟಿ ಬಂದು ಟ್ರೇನಿಂಗಿಗಿ ಹೋದ್ರ ಮನಿ ನಡೆಸೋರ್ಯಾರು? ಪಟ್ಟಿ ಬರೂದ್ರಾಗೇ ಲಗ್ನ ಮುಗೀಬೇಕು. ನೌಕರಿ ಮಾತು ಅಲ್ಲಿಗೇ ಬಿಡಬೇಕು."

ಕಾಕಾ ನನ್ನ ಹತ್ತಿರ ಬಂದು ಗೋಡೆಗೆ ಒರಗಿ ನಿಂತರು.

"ಚಲೋ ಮನಿ ಅದರಿ ಸರ. ಕೈ ಬಿಟ್ರ ಮತ್ತ ಸಿಗ್ತದೋ ಇಲ್ಲೋ. ಪಟ್ಟಿನೂ ಬರ್ತದೋ ಇಲ್ಲೋ."

"ಮಗಳು ಏನಂತಾಳ?"

"ಅಕಿ ಏನೂ ಅನ್ನೂದಿಲ್ರಿ. ಪಟ್ಟಿ ಬರ್ಲಿ ಅಂತಾಳ, ಓಡ್ತಾಳ."

"ನೀವು ಏನು ಹೇಳಿದ್ರಿ ಅವರಿಗಿ?"

"ಹಲಗಿ ಹೇಳಿದಂಗ ಮಾಡ್ತೇನಂದೆ."

ಹೆಡ್‌ಮಾಸ್ತರರು ಇದಕ್ಕೆ ಖುಷಿಯಿಂದ ಒಪ್ಪಿದ್ದರು. ಇಂಗ್ಲಿಷ್ ಗಾದೆಗಳಲ್ಲಿ ಹಲವು ಅವಸರ ಮಾಡು ಎನ್ನುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಒಂದು ವಾರದೊಳಗೆ ತಮ್ಮ ಕಡೆಯದು ಒಂದಾದರೂ ಬಂದೇ ಬರುತ್ತದೆ.

ಅವತ್ತು ಸಂಜೆ ಕಾಕಾ ಮಗಳಿಗೂ ಅದನ್ನೇ ಹೇಳಿದರಂತೆ. ಆಕೆ, "ಆತು ಯಪ್ಪಾ, ಹಲಗಿ ಹೇಳಿದಂಗೇ ಆಗ್ಲಿ," ಎಂದಳಂತೆ. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಕಾಕಾನಿಗೆ ಕಣ್ಣಲ್ಲಿ ನೀರು ಬಂತಂತೆ.

ತತ್ತಿ

ವಾರ ಕಳೆಯಿತು, ತಿಂಗಳು ಕಳೆಯಿತು. 'ನಿಧಾನವಾದರೂ ನಿಲ್ಲದೆ ನಡೆದವನು ಗೆದ್ದ' ಎಂಬುದು ನಾಲ್ಕು ಸಲ ಬಂತು. 'ಜಿಗಿಯುವ ಮುನ್ನ ನೋಡು' ಮೂರು ಸಲ. 'ಕಾದವರಿಗೆ ಒಳ್ಳೆಯದು ಬರುತ್ತದೆ' ಎರಡು ಶನಿವಾರ. ನಡುವೆ ಆರೋಗ್ಯ, ಸ್ನೇಹ, ಪ್ರಾಮಾಣಿಕತೆಯ ಮೇಲೆ ಕೆಲವು. ಅವಸರ ಮಾಡು ಎನ್ನುವುದು ಒಂದೂ ಬರಲಿಲ್ಲ.

ಜೇವರ್ಗಿಯಿಂದ ಹೆಡ್‌ಮಾಸ್ತರರು ವಾಟ್ಸಾಪಿನಲ್ಲಿ ತಮ್ಮ ಕಡೆಯಿಂದ ಕಳಿಸತೊಡಗಿದರು. ಮೊದಲನೆಯದು, ಕಾಲ ಮತ್ತು ಕಡಲಿನ ಅಲೆ ಯಾರಿಗೂ ಕಾಯುವುದಿಲ್ಲ. ನಾನು ಓದಿ ಹೇಳಿದೆ.

ಕಾಕಾ ಯೋಚಿಸಿದರು. "ಕಡಲಿಂದು ನಾ ಕಂಡಿಲ್ರಿ ಸರ. ನಮ್ಮ ಭೀಮಾ ಹೊಳಿ ಮಾತ್ರ ಕಾಯ್ತದ. ಬ್ಯಾರೇಜಿನ ಗೇಟ್ ತೆಗಿಯೂತನಕ ಕಾಯ್ತದ."

ಎರಡನೆಯದು, ಮೊಟ್ಟೆ ಒಡೆಯುವ ಮುನ್ನ ಮರಿಗಳನ್ನು ಎಣಿಸಬೇಡ. ಬಾರದ ಪಟ್ಟಿಯನ್ನು ನಂಬಬೇಡ ಎಂದು ಅದರ ಇಂಗಿತ. ಕಾಕಾ ನನ್ನ ಎದುರಿಗೇ ಫೋನು ಹಚ್ಚಿದರು.

"ಮಾಸ್ತರ್ರ, ತತ್ತಿ ಮಾತು ನಮ್ಮ ಮನ್ಯಾಗ ನಡಿಯೂದಿಲ್ರಿ."

ಆ ಕಡೆಯಿಂದ ಹೆಡ್‌ಮಾಸ್ತರರ ದನಿ ಬಂತು. "ನಮ್ಮ ಮನ್ಯಾಗೂ ನಡಿಯೂದಿಲ್ಲ. ಇದು ಗಾದಿಮಾತ್ರಿ."

"ಮತ್ತ ಲಗ್ನದ ಮಾತಿನಾಗ ಯಾಕ ತಂದ್ರಿ?"

ಊರಿನವರು ಹಲಗೆಯ ಮುಂದೆ ನಿಂತು, ದೈವ ಒತ್ತಿ ಒತ್ತಿ ಹೇಳುತ್ತಿದೆ ಎಂದು ತಲೆಯಾಡಿಸಿದರು. ನಾನೂ ಫಿಜಿಕ್ಸಿನವರೂ ಇದನ್ನು ಒಪ್ಪಲಿಲ್ಲ. ನಾವು ಓದಿದವರು. ಖಾಲಿ ಕ್ಲಾಸಿನಲ್ಲಿ ಅರ್ಧ ತಾಸು ಸಂಭವನೀಯತೆಯ ಲೆಕ್ಕ ಹಾಕಿ, ದೈವದ ಸಹಾಯವಿಲ್ಲದೆಯೂ ಹೀಗಾಗಬಹುದು ಎಂದು ಸಾಧಿಸಿದೆವು. ಆ ಲೆಕ್ಕದ ಫೋಟೋ ನನ್ನ ಹತ್ತಿರ ಇನ್ನೂ ಇದೆ.

ಶನಿವಾರ

ಕೊನೆಗೆ ಹೆಡ್‌ಮಾಸ್ತರರಿಗೆ ತಾಳ್ಮೆ ಮುಗಿಯಿತು. ಒಂದು ಶನಿವಾರ ಮೊದಲ ಬಸ್ಸಿಗೇ ಬಂದಿಳಿದರು. ಓದಿ ಅರ್ಥ ಹೇಳಲು ಬೇಕಾಗುತ್ತದೆಂದು ಕಾಕಾ ನನ್ನನ್ನೂ ಮನೆಗೆ ಕರೆಸಿದರು. ಹೆಡ್‌ಮಾಸ್ತರರಿಗೆ ನನ್ನ ಅಗತ್ಯ ಇರಲಿಲ್ಲ, ಅದನ್ನು ಅವರು ಮುಖದಲ್ಲೇ ತಿಳಿಸಿದರು.

"ನೋ ಡೌಟ್, ನಿಮ್ಮ ಮ್ಯಾಲ ನನಗ ಸಂಶೇ ಇಲ್ಲ," ಎಂದರು ಕಾಕಾನಿಗೆ. "ಆದರ ಇವತ್ತ ಚೀಟಿ ನಾನು ತೆಗೀತೇನಿ. ಬಂದದ್ದು ಆಖರಿ. ಕಬ್ಬಿಣ ಬಡಿ ಅಂತ ಬಂದ್ರ ನಾಡದು ಸೋಮವಾರ ಶಾಸ್ತ್ರ."

ಕಾಕಾ ಮಗಳ ಕಡೆ ನೋಡಿದರು. ಆಕೆ ಆಗಷ್ಟೇ ಓಡಿ ಬಂದಿದ್ದಳು. ಮುಖ ತೊಳೆದು, ಕೂದಲು ಎತ್ತಿ ಕಟ್ಟಿ, ಗೋಡೆಯ ಮಾಡದಿಂದ ಡಬ್ಬಿ ತಂದು ಮುಂದೆ ಹಿಡಿದಳು.

"ಕಣ್ಣು ಮುಚ್ರಿ ಮಾಸ್ತರ್ರ."

ಹೆಡ್‌ಮಾಸ್ತರರು ಕನ್ನಡಕ ತೆಗೆದು, ಕಣ್ಣು ಮುಚ್ಚಿ ಡಬ್ಬಿಯಲ್ಲಿ ಬಹಳ ಹೊತ್ತು ಕೈಯಾಡಿಸಿದರು. ತೆಗೆದು, ಕನ್ನಡಕ ಹಾಕಿ, ತರಗತಿಯಲ್ಲಿ ಓದುವ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಧ್ವನಿ ಇಳಿಸಿ ಚೀಟಿಯ ಹಿಂದಿನ ಕನ್ನಡ ಓದಿದರು.

"ಅವಸರದ ಮದುವೆ, ಬಿಡುವಿನ ಪಶ್ಚಾತ್ತಾಪ."

ಒಲೆಯ ಮೇಲೆ ಚಹಾ ಉಕ್ಕುವ ಸದ್ದು ಕೇಳುತ್ತಿತ್ತು.

"ಇನ್ನೊಂದು ತೆಗೀಲೇನು?" ಎಂದರು ಹೆಡ್‌ಮಾಸ್ತರರು.

"ತೆಗೀರಿ," ಎಂದು ಹುಡುಗಿ ಡಬ್ಬಿಯನ್ನು ಇನ್ನಷ್ಟು ಹತ್ತಿರ ಹಿಡಿದಳು.

ಎರಡನೆಯದು, ನಿಧಾನವಾದರೂ ನಿಲ್ಲದೆ ನಡೆದವನು. ಐದನೆಯ ಸಲ.

"ಮತ್ತೊಂದು ತೆಗೀತೀರೇನ್ರಿ?"

"ಬ್ಯಾಡ ತಂಗಿ. ಚಹಾ ಕೊಡು."

ಚಹಾ ಕುಡಿದು, ಕಾಕಾನ ಕೈ ಹಿಡಿದು, ಇಂಗ್ಲಿಷಿನ ಮುಂದೆ ನಮ್ಮದೇನು ನಡೆಯುತ್ತದೆ ಎಂದು ಹೇಳಿ ಹತ್ತರ ಬಸ್ಸಿಗೆ ಹೋದರು. ಹದಿನೈದು ದಿನದಲ್ಲಿ ಆ ವರನಿಗೆ ಬೇರೆ ಕಡೆ ಮದುವೆಯಾಯಿತು. ಅವರ ಕಬ್ಬಿಣ ಕಾದಿತ್ತು, ಬಡಿದರು.

ಫೆಬ್ರವರಿಯಲ್ಲಿ ಪಟ್ಟಿ ಬಂತು. ಅವಳ ಹೆಸರಿತ್ತು. ಕಾಕಾ ಇಡೀ ಕಾಲೇಜಿಗೆ ಪೇಢಾ ಹಂಚಿ, ನನಗೆ ಎರಡು ಕೊಟ್ಟರು.

"ನೋಡಿದ್ರೇನ್ರಿ ಸರ? ನೀವು ಬರೀ ಮಾತು ಅಂದಿದ್ರಿ."

"ಕಾಕತಾಳೀಯ," ಎಂದೆ.

"ಅದೂ ಇಂಗ್ಲಿಷ್ ಏನ್ರಿ?" ಎಂದರು ಕಾಕಾ, ಗೌರವದಿಂದ.

ಬಾಕಿ ಇಲ್ಲ

ಏಪ್ರಿಲ್‌ನಲ್ಲಿ ನನ್ನ ಆತಿಥ್ಯದ ಅವಧಿ ಮುಗಿಯಿತು. ಪ್ರಿನ್ಸಿಪಾಲರು ಕೊನೆಯ ಸುತ್ತೋಲೆ ಕಳಿಸಿದರು. ನನ್ನ ಹೆಸರಿನಲ್ಲಿರುವ ಕಾಲೇಜಿನ ಸಾಮಾನನ್ನೆಲ್ಲ ಒಪ್ಪಿಸಿ ಬಾಕಿ ಇಲ್ಲ ಎಂಬ ಪತ್ರ ಪಡೆಯಬೇಕು, ತಪ್ಪಿದಲ್ಲಿ ಕೈಂಡ್ಲಿ ಅನುಭವ ಪ್ರಮಾಣಪತ್ರ ಕೊಡಲಾಗುವುದಿಲ್ಲ. ಕ್ಲರ್ಕ್ ದಾಖಲೆ ತೆಗೆದರು. ನನ್ನ ಹೆಸರಿನಲ್ಲಿ ಇದ್ದದ್ದು ಒಂದು ಡಸ್ಟರ್, ಒಂದು ನಿಘಂಟು, ಗಾದೆಯ ಚೀಟಿ ಅರವತ್ತು.

ಕಾಕಾ ಮನೆಗೆ ಹೋಗಿ ಡಬ್ಬಿ ತಂದರು. ಮಗಳು ತರಬೇತಿಗೆ ಹೋಗಿ ವಾರವಾಗಿತ್ತು. ಅವಳು ಹೋದ ಮೇಲೆ ಡಬ್ಬಿ ಹಿಡಿಯುವವರಿಲ್ಲದೆ ಹಲಗೆ ಬರೆಯುವುದನ್ನು ಬಿಟ್ಟಿದ್ದರು.

ಟೇಬಲ್ಲಿನ ಮೇಲೆ ಸುರಿದು ಎಣಿಸಿದೆ. ನಲವತ್ತೊಂಬತ್ತು. ಮತ್ತೆ ಎಣಿಸಿದೆ. ಅಷ್ಟೇ. ಕ್ಲರ್ಕ್ ಪೆನ್ನಿನ ಮುಚ್ಚಳ ಹಾಕಿದರು. ಕಾಕಾನ ಮುಖ ಸಣ್ಣದಾಯಿತು.

"ಇಲಿ ಬಂದಿಲ್ರಿ ಸರ. ನಮ್ಮ ಮನ್ಯಾಗ ಇಲಿ ಇಲ್ಲ."

ಡಬ್ಬಿಯನ್ನು ಬೆಳಕಿಗೆ ಹಿಡಿದೆ. ತಳಕ್ಕೆ ಹಳೆಯ ಪೇಪರನ್ನು ದುಂಡಗೆ ಕತ್ತರಿಸಿ ಹಾಸಿತ್ತು. ನಾನು ಕೊಟ್ಟಾಗ ಅದು ಇರಲಿಲ್ಲ. ಎತ್ತಿ ನೋಡಿದೆ. ಕೆಳಗೆ ಹನ್ನೊಂದು ಚೀಟಿ. ಕಬ್ಬಿಣ ಕಾದಾಗಲೇ ಬಡಿ. ಕಾಲ ಮತ್ತು ಅಲೆ ಯಾರಿಗೂ ಕಾಯುವುದಿಲ್ಲ. ಹಿಂಜರಿದವನು ಸೋತ. ಇಂದಿನ ಕೆಲಸ ನಾಳೆಗೆ ಬೇಡ. ಹನ್ನೊಂದೂ ಅದೇ ಜಾತಿಯವು.

"ಬರೋಬ್ಬರಿ ಅವ ಏನ್ರಿ?" ಎಂದರು ಕಾಕಾ, ಕತ್ತು ಚಾಚಿ.

"ಅರವತ್ತೂ ಬರೋಬ್ಬರಿ ಅವ," ಎಂದು ಸಹಿ ಹಾಕಿದೆ.

ಆ ಹನ್ನೊಂದನ್ನೂ ಒತ್ತಟ್ಟಿಗೆ ಜೋಡಿಸಿ ಒಂದು ಕಪ್ಪು ಹೇರ್‌ಪಿನ್ ಸಿಕ್ಕಿಸಿತ್ತು.

ಕಾಕಾನದು ಬೋಳು ತಲೆ.